ಮನೆ ಬದಲಾದರೂ ನಂಬರ್ ಅದೇ

ನಾರಾಯಣಗೂಡಕ್ಕೆ ಬಂದ ಮೇಲೆ ಮೂರು ಬಾಡಿಗೆ ಮನೆ ಬದಲಿಸಿದ್ದೇನೆ. ರಾಯಚೂರಿನಿಂದ ಅವ್ವ ಅದೇ ಮೊಬೈಲ್ ನಂಬರಿಗೆ ಫೋನ್ ಮಾಡುತ್ತಾಳೆ, ನಾನು ಸಿಗುತ್ತೇನೆ. ನನ್ನ ಹೊಟ್ಟೆಪಾಡಾದ ಸ್ಟೋರೇಜ್ ವರ್ಚುವಲೈಸೇಶನ್ನೂ ಹೆಚ್ಚುಕಡಿಮೆ ಹೀಗೆಯೇ. ಸರ್ವರಿಗೆ ಕಾಣುವುದು ಒಂದು ತೋರಿಕೆಯ ಡಿಸ್ಕ್. ಅದರ ತುಣುಕುಗಳು ನಿಜವಾಗಿ ಯಾವ ಡಿಸ್ಕಿನಲ್ಲಿವೆ ಎಂಬ ನಕಾಶೆ ನಡುವಿನ ಪದರದಲ್ಲಿರುತ್ತದೆ. ಡೇಟಾವನ್ನು ಹೊಸ ಡಿಸ್ಕಿಗೆ ಸಾಗಿಸಿದರೆ ನಕಾಶೆ ಬದಲಾಗುತ್ತದೆ, ಸರ್ವರಿಗೆ ಸುದ್ದಿಯೇ ಇಲ್ಲ.

ಆ ಪದರವೇ ಕೆಟ್ಟರೆ? ಅದಕ್ಕೇ ಕ್ಲಸ್ಟರ್. 2003ರಲ್ಲಿ ಬಂದ ಐಬಿಎಂನ ಎಸ್‌ವಿಸಿಯಲ್ಲಿ ನೋಡ್‌ಗಳು ಜೋಡಿಯಾಗಿ ದುಡಿಯುತ್ತವೆ. ಬರೆಯಬೇಕಾದ ಡೇಟಾ ಎರಡರ ಮೆಮೊರಿಯಲ್ಲೂ ಕೂತ ಮೇಲೆಯೇ ಸರ್ವರಿಗೆ 'ಆಯಿತು' ಎಂಬ ಉತ್ತರ. ಒಂದು ಕೈಕೊಟ್ಟರೆ ಇನ್ನೊಂದು ಮುಂದುವರಿಸುತ್ತದೆ.

ನನಗೆ ಭಯ ಇರುವುದು ಥಿನ್ ಪ್ರಾವಿಜನಿಂಗ್ ಬಗ್ಗೆ. 100 ಟೆರಾಬೈಟ್ ಇಟ್ಟುಕೊಂಡು 200 ಕೊಟ್ಟಂತೆ ತೋರಿಸಬಹುದು. ಮದುವೆಗೆ ಸಾವಿರ ಜನರನ್ನು ಕರೆದು ಐನೂರು ಜನರಿಗೆ ಅಡುಗೆ ಮಾಡಿಸಿದ ಹಾಗೆ. ಒಂದು ರಾತ್ರಿ ನಾನು ನೋಡಿಕೊಳ್ಳುತ್ತಿದ್ದ ಪೂಲ್ ಪೂರ್ತಿ ತುಂಬಿತು. ನೋಡ್‌ಗಳು ಸರಿಯಿದ್ದವು, ಒಂದು ಡಿಸ್ಕೂ ಕೆಟ್ಟಿರಲಿಲ್ಲ. ಆದರೂ ಬರೆಯುವ ಕೆಲಸವೆಲ್ಲ ನಿಂತಿತು. ಕ್ಲಸ್ಟರ್ ಯಂತ್ರ ಕೆಟ್ಟಾಗ ಕಾಪಾಡುತ್ತದೆ, ಲೆಕ್ಕ ತಪ್ಪಿದಾಗ ಅಲ್ಲ. 80 ಪ್ರತಿಶತ ತುಂಬಿದಾಗಲೇ ಎಚ್ಚರಿಕೆಯ ಮೇಲ್ ಬಂದಿತ್ತು, ನಾನೇ ತೆರೆದಿರಲಿಲ್ಲ. ಹಳೆಯ ಸ್ನ್ಯಾಪ್‌ಶಾಟ್‌ಗಳನ್ನು ಅಳಿಸಿ ಜಾಗ ಮಾಡುವಷ್ಟರಲ್ಲಿ ಬೆಳಗಾಗಿತ್ತು.