ಮುದಿನಾಯಿಯ ಹಲ್ಲು

ಚಿತ್ರದುರ್ಗದಿಂದ ಜೋಗಿಮಟ್ಟಿಗೆ ಹೋಗುವ ದಾರಿಯಲ್ಲಿ ಕುರಿಮಂದೆಯ ಜೊತೆಗಿದ್ದ ಮುದಿನಾಯಿಯೊಂದನ್ನು ನಾವು ಕಂಡೆವು. ಹಾಕಿದ ರಾಗಿಮುದ್ದೆಯನ್ನು ಅದು ಬಾಯಿಯ ಒಂದೇ ಮಗ್ಗುಲಿಗೆ ಹೊರಳಿಸಿ ನುಂಗುತ್ತಿತ್ತು, ಬಾಯಿ ನಾರುತ್ತಿತ್ತು. ಆಸ್ಪತ್ರೆಗೆ ಏಕೆ ಒಯ್ಯಲಿಲ್ಲವೆಂದು ಕೇಳಿದೆವು. "ವಯಸ್ಸಾತಲ್ಲ ಸ್ವಾಮಿ, ಮತ್ತು ಬರೋ ಸೂಜಿ ಚುಚ್ಚಿದ್ರೆ ಎದ್ದೇಳ್ತದೋ ಇಲ್ವೋ" ಎಂದನು ಕುರಿಗಾಹಿ. ಈ ಭಯವು ಅವನೊಬ್ಬನದಲ್ಲ; ತೀರ ನಿರಾಧಾರವಾದುದೂ ಅಲ್ಲ.

ಬೆಳೆದ ನಾಯಿಗೆ 42 ಹಲ್ಲುಗಳು. ಅವುಗಳಿಗೆ ಅಂಟುವ ಸೂಕ್ಷ್ಮಜೀವಿಗಳ ಪೊರೆಯು ಜೊಲ್ಲಿನಲ್ಲಿರುವ ಸುಣ್ಣದ ಲವಣಗಳಿಂದ ಗಟ್ಟಿಯಾಗಿ ಗಾರೆಯಂತಾಗುತ್ತದೆ. ಕಣ್ಣಿಗೆ ಕಾಣುವ ಗಾರೆಗಿಂತ ವಸಡಿನ ಕೆಳಗೆ ಅಡಗಿದ ಪೊರೆಯೇ ಹೆಚ್ಚು ಅಪಾಯಕಾರಿ. ಹಲ್ಲನ್ನು ಹಿಡಿದಿರುವ ಮೂಳೆಯು ಅಲ್ಲಿಯೇ ಕರಗುವುದು. ಎಚ್ಚರವಾಗಿರುವ ನಾಯಿಯ ಬಾಯಿಯನ್ನು ಬಲವಂತವಾಗಿ ತೆರೆದು ಕೆರೆದರೆ ಹಲ್ಲು ಬೆಳ್ಳಗಾದೀತು, ರೋಗ ಹೋಗದು. ಬೇರುಗಳ ಎಕ್ಸ್‌ಕಿರಣ ಚಿತ್ರಕ್ಕೂ ವಸಡಿನೊಳಗಿನ ಶುದ್ಧಿಗೂ ಅರಿವಳಿಕೆ ಬೇಕೇ ಬೇಕು. ಗಾರೆಯನ್ನು ಸಿಡಿಸುವ ಉಪಕರಣವು ಸೆಕೆಂಡಿಗೆ 25,000ಕ್ಕೂ ಮಿಕ್ಕಿ ಕಂಪಿಸುವುದರಿಂದ ಕಾಯುತ್ತದೆ. ಅದನ್ನು ನೀರೆರೆದು ತಣಿಸುತ್ತಾರೆ. ಆ ಕೊಳೆನೀರು ಶ್ವಾಸಕೋಶವನ್ನು ಸೇರದಂತೆ ಶ್ವಾಸನಾಳದಲ್ಲಿ ಕೊಳವೆಯನ್ನಿಟ್ಟಿರಬೇಕು.

ಮುಪ್ಪು ತಾನೇ ರೋಗವಲ್ಲ. ಆದರೆ ಅನೇಕ ಅರಿವಳಿಕೆ ಮದ್ದುಗಳನ್ನು ದೇಹದಿಂದ ಕಳೆಯುವುದು ಯಕೃತ್ತು ಮತ್ತು ಮೂತ್ರಪಿಂಡಗಳ ಕೆಲಸ. ಆದುದರಿಂದ ಮೊದಲು ರಕ್ತಪರೀಕ್ಷೆ, ಹೃದಯಪರೀಕ್ಷೆ. ಆಮೇಲೆ ಮದ್ದಿನ ಪ್ರಮಾಣ. ಮುಧೋಳದ ನಾಯಿಯಂತಹ ಕೊಬ್ಬಿಲ್ಲದ ಬೇಟೆನಾಯಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು.

ಇಲ್ಲಿ ನಮ್ಮ ಭೌತಶಾಸ್ತ್ರವೂ ನೆರವಿಗೆ ಬರುತ್ತದೆ. 2020ರ ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರನ್ನು ವಾಚಕರು ಬಲ್ಲರು. ಅದನ್ನೇ ನಾಯಿಯ ನಾಲಿಗೆಗೆ ಸಿಕ್ಕಿಸುತ್ತಾರೆ. ರೋಮವಿಲ್ಲದ, ರಕ್ತ ತುಂಬಿದ ಜಾಗ ಅದು. ಸುಮಾರು 660 ನ್ಯಾನೋಮೀಟರಿನ ಕೆಂಪು ಬೆಳಕು, 940 ನ್ಯಾನೋಮೀಟರಿನ ಅವಕೆಂಪು ಬೆಳಕು ನಾಲಿಗೆಯನ್ನು ಹಾಯುತ್ತವೆ. ಆಮ್ಲಜನಕವನ್ನು ಹೊತ್ತ ರಕ್ತವು ಕೆಂಪನ್ನು ಕಡಿಮೆಯಾಗಿಯೂ ಅವಕೆಂಪನ್ನು ಹೆಚ್ಚಾಗಿಯೂ ಹೀರುತ್ತದೆ; ಹೊರದ ರಕ್ತವು ಇದಕ್ಕೆ ವಿರುದ್ಧ. ನಾಡಿಯೊಡನೆ ಏರಿಳಿಯುವ ಭಾಗವನ್ನಷ್ಟೇ ಆರಿಸಿಕೊಂಡರೆ ಅಪಧಮನಿಯ ರಕ್ತದ ಲೆಕ್ಕ ಸಿಕ್ಕಿತು! ಜಪಾನಿನ ಟಕುಒ ಅವೊಯಾಗಿಯವರು 1970ರ ದಶಕದಲ್ಲಿ ಕಂಡುಕೊಂಡ ಉಪಾಯವಿದು. ಅಂಕಿಯು ಶೇಕಡ 90ಕ್ಕಿಂತ ಇಳಿಯಿತೆಂದರೆ ತಡಮಾಡುವಂತಿಲ್ಲ. ಹಲ್ಲು ನೋಡುವವರ ಕಣ್ಣು ಬಾಯಿಯೊಳಗಿರುವುದರಿಂದ, ಈ ಅಂಕಿಯನ್ನು ಕಾಯಲು ಮತ್ತೊಬ್ಬರು ಇರಲೇಬೇಕು.

ಚಿಕ್ಕ ಚಿಕಿತ್ಸಾಲಯಗಳಲ್ಲಿ ಇವೆಲ್ಲ ಇರದಿರಬಹುದು. ಆಗ ಬೆಂಗಳೂರಿನ ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯ ಕಾಲೇಜಿನಂತಹ ಕಡೆ ವಿಚಾರಿಸುವುದು ಲೇಸು.

ಇನ್ನೊಂದು ಸಂಗತಿ. ನಾಯಿಯ ಮೈಶಾಖ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್. ಅರಿವಳಿಕೆಯಲ್ಲಿ ನಡುಕ ನಿಲ್ಲುತ್ತದೆ, ನೆನೆದ ಬಾಯಿಯಿಂದ ಶಾಖ ಸೋರುತ್ತದೆ. ಮೈ ತಣಿದಷ್ಟೂ ಮದ್ದು ಇಳಿಯುವುದು ನಿಧಾನ. ನಮ್ಮ ಸೀಮೆಯ ಕಂಬಳಿ ಇದಕ್ಕೆ ಸಾಕಷ್ಟು ಒಳ್ಳೆಯದು. ಆದರೆ ಕಂಬಳಿಯು ಶಾಖವನ್ನು ಹುಟ್ಟಿಸದು, ಇದ್ದುದನ್ನು ಹಿಡಿದಿಡುವುದಷ್ಟೆ. ಆದುದರಿಂದ ಅದನ್ನು ಮೈ ತಣ್ಣಗಾಗುವ ಮೊದಲೇ ಹೊದಿಸಬೇಕು.