ವಲಸೆ ಕಾನೂನು: ನಮ್ಮ ಹೆಣ್ಣುಮಕ್ಕಳಿಗೊಂದು ದಾರಿ

2023ರ ಕೊನೆಯಲ್ಲಿ ಕಲಬುರಗಿ ಜಿಲ್ಲೆಯ ಮೂವರು ಯುವಕರು ರಷ್ಯಾಕ್ಕೆ ಹೋದರು. ಸೆಕ್ಯುರಿಟಿ ಕೆಲಸ, ಕೈತುಂಬ ಸಂಬಳ ಎಂದು ಏಜೆಂಟರು ನಂಬಿಸಿದ್ದರು. ಅಲ್ಲಿ ಇಳಿದ ಮೇಲೆ ಓದಲು ಬಾರದ ರಷ್ಯನ್ ಭಾಷೆಯ ಕಾಗದಕ್ಕೆ ಸಹಿ ಹಾಕಿಸಿಕೊಂಡು ಅವರನ್ನು ಯುದ್ಧಭೂಮಿಗೆ ಕಳಿಸಲಾಯಿತು. ಇದೇ ರೀತಿ ಹೋಗಿದ್ದ ಸೂರತ್‌ನ ಯುವಕನೊಬ್ಬ 2024ರ ಫೆಬ್ರವರಿಯಲ್ಲಿ ಸತ್ತ. ಹೈದರಾಬಾದಿನ ಯುವಕನ ಸಾವಿನ ಸುದ್ದಿ ಮಾರ್ಚ್‌ನಲ್ಲಿ ಬಂತು. ಇಲ್ಲಿನ ತಾಯಂದಿರ ಸ್ಥಿತಿ ಹೇಗಿದ್ದಿರಬೇಕು! ನಮ್ಮ ಮೂವರು 2024ರ ಸೆಪ್ಟೆಂಬರ್‌ನಲ್ಲಿ ಜೀವಂತ ಮರಳಿದರು.

ಹೊರಡುವ ಮುನ್ನ ಆ ಏಜೆಂಟನ ಲೈಸೆನ್ಸ್ ಎಲ್ಲಿ ಎಂದು ಕೇಳುವವರು ಒಬ್ಬರಾದರೂ ಇದ್ದಿದ್ದರೆ? 1983ರ ವಲಸೆ ಕಾಯ್ದೆಯ ಪ್ರಕಾರ ನೋಂದಣಿ ಇಲ್ಲದೆ ಯಾರನ್ನೂ ವಿದೇಶಿ ಕೆಲಸಕ್ಕೆ ನೇಮಿಸುವಂತಿಲ್ಲ. ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ. ಹತ್ತನೇ ತರಗತಿ ಪಾಸಾಗದವರು ಸೌದಿ, ಕುವೈತ್, ಯುಎಇ ಸೇರಿ 18 ದೇಶಗಳಿಗೆ ದುಡಿಯಲು ಹೋಗುವಾಗ ಸರಕಾರದ ಅನುಮತಿ ಬೇಕು. ಆ ಪಟ್ಟಿಯಲ್ಲಿ ರಷ್ಯಾ ಇಲ್ಲ! ಇಂಥ ಸಂದುಗಳನ್ನು ದಲ್ಲಾಳಿ ನಮಗಿಂತ ಚೆನ್ನಾಗಿ ಬಲ್ಲ.

ಮನೆಗೆಲಸಕ್ಕೆ ಹೋಗುವ ಸಹೋದರಿಯರ ವಿಷಯದಲ್ಲೂ ಹಾಗೆಯೇ. ಈ ಅನುಮತಿ ಬೇಕಾದ ಮಹಿಳೆಗೆ 30 ವರ್ಷ ತುಂಬಿರಬೇಕೆಂಬ ನಿಯಮವಿದೆ. ಅದನ್ನು ತಪ್ಪಿಸಲು ವಿಸಿಟ್ ವೀಸಾದಲ್ಲಿ ಕಳಿಸುತ್ತಾರೆ. ಆಮೇಲೆ ಅಲ್ಲಿ ಸಂಬಳ ನಿಂತರೆ, ಪಾಸ್‌ಪೋರ್ಟ್ ಕಿತ್ತುಕೊಂಡರೆ ಯಾರ ಮುಂದೆ ಹೇಳಿಕೊಳ್ಳುವುದು? ಕೆಲವು ಸಂಗತಿಗಳನ್ನು ಹೆಣ್ಣು ಹೆಣ್ಣಿನ ಮುಂದೆಯೇ ಹೇಳಬಲ್ಲಳು.

ಭಾರತದಲ್ಲಿ ವಲಸೆ ವಕೀಲರೆಂಬ ಬೇರೆ ಸನದು ಇಲ್ಲ. ಮೊದಲು ವಕೀಲೆಯಾಗಬೇಕು, ನಂತರ ಈ ಕೆಲಸದಲ್ಲಿ ಪಳಗಬೇಕು. ಪಿಯುಸಿ ಆದವರಿಗೆ ಐದು ವರ್ಷದ ಕೋರ್ಸ್, ಪದವಿ ಪಡೆದವರಿಗೆ ಮೂರು ವರ್ಷದ್ದು. ಕಲಬುರಗಿಯಲ್ಲಿಯೇ ಸೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜಿದೆ. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಹುಡುಗಿ ಬೆಳಿಗ್ಗೆ ಬಸ್ಸು ಹತ್ತಿ ಸಂಜೆ ಮನೆ ಸೇರಬಹುದು. ಹಾಸ್ಟೆಲಿನ ಚಿಂತೆಯೇ ಇಲ್ಲ. ಬಿ.ಎಡ್. ಓದಿಸಲು ಒಪ್ಪುವ ಅಬ್ಬಾ ಕೋರ್ಟು ಎಂದ ಕೂಡಲೇ ಹುಬ್ಬೇರಿಸುತ್ತಾರೆ. ಕೇರಳದ ಫಾತಿಮಾ ಬೀವಿ 1950ರಲ್ಲೇ ವಕೀಲರಾಗಿ ನೋಂದಾಯಿಸಿ, 1989ರಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು ಎಂಬುದನ್ನು ಅವರಿಗೆ ನೆನಪಿಸಬಹುದು.

ಪದವಿಯ ನಂತರ ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ. ಶಾಸನಬದ್ಧ ಶುಲ್ಕ 750 ರೂಪಾಯಿಗಿಂತ ಹೆಚ್ಚು ವಸೂಲು ಮಾಡುವಂತಿಲ್ಲ ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಡಮನೆಯ ಮಕ್ಕಳಿಗೆ ಇದು ದೊಡ್ಡ ಉಪಕಾರ. ಅಖಿಲ ಭಾರತ ವಕೀಲರ ಪರೀಕ್ಷೆಯನ್ನೂ ಪಾಸು ಮಾಡಬೇಕು. ಆಮೇಲೆ ಹಿರಿಯರ ಕೈಕೆಳಗೆ ಜೂನಿಯರ್. ಈ ಹಂತ ಕಷ್ಟದ್ದು, ಮುಚ್ಚಿಟ್ಟು ಪ್ರಯೋಜನವಿಲ್ಲ. ಮೊದಲ ಎರಡು ಮೂರು ವರ್ಷ ಕೈಗೆ ಹೆಚ್ಚೇನೂ ಸಿಗದು. ಮನೆಯವರು ಆಗ ಕೈ ಬಿಡಬಾರದು.

ಕೆಲಸಕ್ಕಂತೂ ಬರವಿಲ್ಲ. ಕ್ರಿಮಿನಲ್ ಕೇಸು ಬಾಕಿಯಿದ್ದವನಿಗೆ ಪಾಸ್‌ಪೋರ್ಟ್‌ಗಾಗಿ ಕೋರ್ಟಿನ ಅನುಮತಿ ಪಡೆಯುವುದು, ಕೆಲಸದ ಒಪ್ಪಂದ ಓದಿ ತಿಳಿಸುವುದು, ಇ-ಮೈಗ್ರೇಟ್ ತಾಣದಲ್ಲಿ ಏಜೆಂಟನ ಹೆಸರು ಹುಡುಕುವುದು, ‘ಮದದ್’ ಮೂಲಕ ರಾಯಭಾರ ಕಚೇರಿಗೆ ದೂರು ಕೊಡುವುದು. ಹಿಂದೆ ಹೈಕೋರ್ಟಿಗೆಂದು ಬೆಂಗಳೂರಿಗೆ ರಾತ್ರಿಯಿಡೀ ಪ್ರಯಾಣ ಮಾಡಬೇಕಿತ್ತು. 2008ರಲ್ಲಿ ಕಲಬುರಗಿಗೆ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯಿತು. ಪಾಸ್‌ಪೋರ್ಟ್ ತಡೆಹಿಡಿದರೆ ರಿಟ್ ಅರ್ಜಿಯನ್ನು ಇಲ್ಲಿಯೇ ಹಾಕಬಹುದು.

ಮಗ ಅಥವಾ ಪತಿ ಪರದೇಶದಲ್ಲಿ ಸಿಲುಕಿದ್ದು ವಕೀಲರಿಗೆ ಕೊಡಲು ಹಣವಿಲ್ಲವೇ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿರಿ. ಆದಾಯ ಎಷ್ಟೇ ಇರಲಿ, ಅಲ್ಲಿ ಮಹಿಳೆಯರಿಗೆ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಹೋಗುವಾಗ ಪಾಸ್‌ಪೋರ್ಟಿನ ನಕಲು, ವೀಸಾ, ಏಜೆಂಟನಿಗೆ ಹಣ ಕೊಟ್ಟ ರಸೀದಿ, ಅವನ ಫೋನ್ ಸಂದೇಶಗಳು, ಎಲ್ಲವನ್ನೂ ತೆಗೆದುಕೊಂಡು ಹೋಗಿರಿ.