ಗಾಲ್ಫ್: ಔಟೇ ಇಲ್ಲದ ಆಟ

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಂಥ ಊರಿನಲ್ಲಿ ಬೆಳೆದವರಿಗೆ ಗಾಲ್ಫ್ ದೂರದ ಆಟ. ಆದರೆ ಕೋಲಿನಿಂದ ಬೀಸಿ ಹೊಡೆಯುವ ಆಟವೇನೂ ಹೊಸದಲ್ಲ. ಚಿನ್ನಿ-ದಾಂಡು ಆಡದೆ ದೊಡ್ಡವರಾದ ಹುಡುಗರು ಒಂದು ಕಾಲಕ್ಕೆ ಹಳ್ಳಿಗಳಲ್ಲಿ ಸಿಗುತ್ತಿರಲಿಲ್ಲ. ನೆಲದಲ್ಲೊಂದು ಸಣ್ಣ ಕುಳಿ, ಕೈಯಲ್ಲೊಂದು ದಾಂಡು, ಮೇಲಕ್ಕೆ ಚಿಮ್ಮಿದ ಚಿನ್ನಿ. ಎದುರಾಳಿ ಅದನ್ನು ಗಾಳಿಯಲ್ಲೇ ಹಿಡಿದರೆ ಔಟು. ದಾಂಡು ಇನ್ನೊಬ್ಬನ ಕೈಗೆ. ಕ್ರಿಕೆಟ್‌ನಲ್ಲೂ ಇದೇ ನ್ಯಾಯ. ತಪ್ಪಿದವನು ಬಂದು ನೆರಳಿನಲ್ಲಿ ಕೂರುತ್ತಾನೆ. ಅವನ ತಪ್ಪು ಅಲ್ಲಿಗೆ ಮುಗಿಯಿತು.

ಗಾಲ್ಫ್‌ನಲ್ಲಿ ಔಟು ಎಂಬುದೇ ಇಲ್ಲ. ಮೇಲ್ನೋಟಕ್ಕೆ ಇದು ಆಟಗಾರನ ಮೇಲಿನ ಕರುಣೆಯಂತೆ ಕಾಣುತ್ತದೆ. ವಾಸ್ತವವಾಗಿ ಆಟದ ಕಷ್ಟವೆಲ್ಲ ಇಲ್ಲೇ ಇದೆ. ಹೊಡೆತ ಹಾಳಾಯಿತೆಂದು ಯಾರೂ ಹೊರಗೆ ಕಳಿಸುವುದಿಲ್ಲ. ಚೆಂಡು ಪೊದೆಯಲ್ಲಿ ಬಿದ್ದಿರಲಿ, ಬಂಕರ್ ಎಂಬ ಮರಳುಗುಂಡಿಯಲ್ಲಿ ಹೂತಿರಲಿ, ಅಲ್ಲಿಗೇ ನಡೆದು ಹೋಗಿ, ಬಿದ್ದ ಹಾಗೆಯೇ ಅದನ್ನು ಮತ್ತೆ ಹೊಡೆಯಬೇಕು ಎಂಬುದು ಮೂಲ ನಿಯಮ. ಹೀಗೆ 18 ಕುಳಿಗಳು. ಒಂದು ಸುತ್ತಿಗೆ ಸುಮಾರು ನಾಲ್ಕು ತಾಸು ಬೇಕು. ಕೋಲು ಬೀಸುವುದು ಕೆಲವೇ ಕ್ಷಣ; ಉಳಿದದ್ದೆಲ್ಲ ನಡಿಗೆ ಮತ್ತು ಯೋಚನೆ. ಮಾಡಿದ ತಪ್ಪನ್ನು ಜೊತೆಗಿಟ್ಟುಕೊಂಡು ನಡೆಯಬೇಕಾದ ಆಟವಿದು. ವಾರಕ್ಕೊಮ್ಮೆ ಹವ್ಯಾಸಕ್ಕಾಗಿ ಆಡುವವರು ಬೇಗ ಎದೆಗುಂದುವುದಕ್ಕೆ ಕಾರಣ ಇದೇ.

ಕರ್ನಾಟಕಕ್ಕೆ ಈ ಆಟ ಬಂದದ್ದು ಬ್ರಿಟಿಷರ ಜೊತೆಯಲ್ಲಿ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದದ್ದು 1876ರಲ್ಲಿ. ಮುಂದೆ ಮೈಸೂರಿನ ರೇಸ್‌ಕೋರ್ಸ್ ಬಯಲು, ಕೋಲಾರದ ಚಿನ್ನದ ಗಣಿ ಪ್ರದೇಶ, ಕೊಡಗು, ಚಿಕ್ಕಮಗಳೂರುಗಳಲ್ಲೂ ಗಾಲ್ಫ್ ಅಂಗಳಗಳಾದವು. ಇದು ಉಳ್ಳವರ ಆಟವೆಂಬ ಮಾತಿನಲ್ಲಿ ಸತ್ಯವಿದೆ. ವಿಸ್ತಾರವಾದ ಜಾಗ, ಹುಲ್ಲಿಗೆ ನೀರು, ದುಬಾರಿ ಸದಸ್ಯತ್ವ ಎಲ್ಲವೂ ಬೇಕು. ಆದರೆ ಅದೇ ಅಂಗಳದಲ್ಲಿ ಇತರರ ಚೀಲ ಹೊರುವ ಕ್ಯಾಡಿಯಾಗಿದ್ದ ಬೆಂಗಳೂರಿನ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದದ್ದೂ ಸತ್ಯ. ನಿಗದಿತ ಸುತ್ತುಗಳು ಸಮಬಲದಲ್ಲಿ ಮುಗಿದು, ಪ್ಲೇ-ಆಫ್‌ನಲ್ಲಿ ಬಂದ ಗೆಲುವು ಅದು.

ಯಾವ ಅಳತೆಗೋಲು?

ಹವ್ಯಾಸಿಯ ನಿರಾಶೆ ಹುಟ್ಟುವುದು ಬಹುಮಟ್ಟಿಗೆ ತಪ್ಪು ಅಳತೆಗೋಲಿನಿಂದ. ಪ್ರತಿ ಕುಳಿಗೂ 'ಪಾರ್' ಎಂಬ ಸಂಖ್ಯೆಯೊಂದಿದೆ. ನುರಿತ ಆಟಗಾರನಿಗೆ ಆ ಕುಳಿಯಲ್ಲಿ ಚೆಂಡು ಬೀಳಿಸಲು ಎಷ್ಟು ಹೊಡೆತ ಬೇಕೆಂಬ ಲೆಕ್ಕ ಅದು. 18 ಕುಳಿ ಸೇರಿ ಸಾಮಾನ್ಯವಾಗಿ 72 ಆಗುತ್ತದೆ. ಒಂದು ಹೊಡೆತ ಹೆಚ್ಚಾದರೆ 'ಬೋಗಿ', ಕಡಿಮೆಯಾದರೆ 'ಬರ್ಡಿ'. ಭಾನುವಾರದ ಆಟಗಾರನಿಗೆ ಬೋಗಿ ಎಂದರೆ ಅವಮಾನ. ಆದರೆ 1890ರ ದಶಕದ ಇಂಗ್ಲೆಂಡಿನಲ್ಲಿ ಬೋಗಿ ಎಂದರೆ ಒಳ್ಳೆಯ ಆಟಗಾರನಿಂದ ನಿರೀಕ್ಷಿಸುವ ಹೊಡೆತಗಳ ಸಂಖ್ಯೆಯಾಗಿತ್ತು. ವೃತ್ತಿಪರರ ಮಟ್ಟ ಏರಿದಂತೆ ಪಾರ್ ಮುಂದೆ ಬಂದು, ಬೋಗಿ ಒಂದು ಮೆಟ್ಟಿಲು ಕೆಳಗಿಳಿಯಿತು. ಇಂದು ತಲೆ ಚಚ್ಚಿಕೊಳ್ಳುವ ಹವ್ಯಾಸಿಯ ಫಲಿತಾಂಶಕ್ಕೆ ಆ ಕಾಲದಲ್ಲಿ ಶಹಬ್ಬಾಸ್ ಸಿಗುತ್ತಿತ್ತು.

ವೃತ್ತಿಪರರ ಮಟ್ಟವಾದರೂ ಎಷ್ಟು? ಗಾಲ್ಫ್ ಕುಳಿಯ ಅಗಲ 4.25 ಅಂಗುಲ. ಎಂಟು ಅಡಿ ದೂರದಿಂದ ಅದಕ್ಕೆ ಚೆಂಡನ್ನು ಉರುಳಿಸುವಾಗ ಅಮೆರಿಕದ ಅಗ್ರ ಟೂರ್‌ನಲ್ಲಿ ಆಡುವ ವೃತ್ತಿಪರರೂ ಸುಮಾರು ಅರ್ಧದಷ್ಟು ಸಲ ತಪ್ಪುತ್ತಾರೆ. ಅದನ್ನೇ ತಪ್ಪಿಸಿಕೊಂಡ ಹವ್ಯಾಸಿ ತನ್ನ ಹಣೆಬರಹವನ್ನು ಹಳಿದುಕೊಳ್ಳಲು ಕಾರಣವಿಲ್ಲ.

ನಿಯಮದೊಳಗಿನ ಭರವಸೆ

ಆಸೆ ಉಳಿಸಿಕೊಳ್ಳುವುದು ಕೇವಲ ಸ್ವಭಾವದ ಮಾತಲ್ಲ. ಆಟದ ಲೆಕ್ಕಾಚಾರದಲ್ಲೇ ಅದಕ್ಕೆ ಜಾಗ ಮಾಡಿಕೊಟ್ಟಿದ್ದಾರೆ. ಅದರಲ್ಲಿ ಮುಖ್ಯವಾದದ್ದು 'ಹ್ಯಾಂಡಿಕ್ಯಾಪ್', ಅಂದರೆ ಆಟಗಾರನ ಮಟ್ಟಕ್ಕೆ ತಕ್ಕಂತೆ ಕೊಡುವ ಹೊಡೆತಗಳ ರಿಯಾಯಿತಿ. ಇದರಿಂದಾಗಿ ಅಜ್ಜ-ಮೊಮ್ಮಗ, ಪಳಗಿದವ-ಹೊಸಬ ಒಂದೇ ಅಂಗಳದಲ್ಲಿ ಸರಿಸಮವಾಗಿ ಸ್ಪರ್ಧಿಸಬಹುದು. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯ ಪ್ರಕಾರ, ಕೊನೆಯ 20 ಸುತ್ತುಗಳಲ್ಲಿ ಅತ್ಯುತ್ತಮವಾದ 8ನ್ನು ಮಾತ್ರ ತೆಗೆದುಕೊಂಡು ಸರಾಸರಿ ಹಾಕಲಾಗುತ್ತದೆ. ಉಳಿದ 12 ಲೆಕ್ಕಕ್ಕಿಲ್ಲ. ಒಂದೇ ಕುಳಿಯಲ್ಲಿ ಆಟ ಸಂಪೂರ್ಣ ಕೆಟ್ಟರೂ, ಹ್ಯಾಂಡಿಕ್ಯಾಪ್‌ಗೆ ಸೇರುವ ಹೊಡೆತಗಳಿಗೆ ಒಂದು ಮಿತಿಯಿದೆ.

ಇದರ ಅರ್ಥವನ್ನು ಅನೇಕರು ಗಮನಿಸುವುದಿಲ್ಲ. ಹ್ಯಾಂಡಿಕ್ಯಾಪ್ ತೋರಿಸುವುದು ಆಟಗಾರನ ಸಾಮಾನ್ಯ ದಿನವನ್ನಲ್ಲ, ಒಳ್ಳೆಯ ದಿನವನ್ನು. ಹೀಗಾಗಿ ಹೆಚ್ಚಿನ ವಾರಗಳಲ್ಲಿ ಆ ಮಟ್ಟ ಮುಟ್ಟದೆ ಮನೆಗೆ ಹೋಗುವುದೇ ಸಹಜ. 'ಇಂದೂ ಕೆಟ್ಟಿತು' ಎಂದು ಕೊರಗುವವನು ವಾಸ್ತವವಾಗಿ ಪದ್ಧತಿ ನಿರೀಕ್ಷಿಸಿದಂತೆಯೇ ಆಡಿರುತ್ತಾನೆ.

ಇನ್ನೊಂದು ಉಪಾಯ ಇಂಗ್ಲೆಂಡಿನ ವೈದ್ಯ ಫ್ರಾಂಕ್ ಸ್ಟೇಬಲ್‌ಫರ್ಡ್ ಅವರದು. ಲಿವರ್‌ಪೂಲ್ ಸಮೀಪದ ವಾಲಸಿ ಕ್ಲಬ್ಬಿನಲ್ಲಿ 1932ರಲ್ಲಿ ಅವರ ಅಂಕ ಪದ್ಧತಿಯ ಸ್ಪರ್ಧೆ ನಡೆಯಿತು. ಇಲ್ಲಿ ಹೊಡೆತಗಳ ಮೊತ್ತ ಎಣಿಸುವುದಿಲ್ಲ. ಕುಳಿಯಿಂದ ಕುಳಿಗೆ ಅಂಕ ಸಿಗುತ್ತದೆ. ರಿಯಾಯಿತಿ ಕಳೆದು ಪಾರ್ ಆದರೆ 2 ಅಂಕ, ಬೋಗಿಗೆ 1, ಅದಕ್ಕಿಂತ ಕೆಟ್ಟರೆ ಸೊನ್ನೆ. ಸೊನ್ನೆಯ ಕೆಳಗೆ ಇಳಿಯುವಂತಿಲ್ಲ. ಚೆಂಡು ಎತ್ತಿಕೊಂಡು ಮುಂದಿನ ಕುಳಿಗೆ ನಡೆಯಬಹುದು. ಒಂದು ಕುಳಿಯ ದುರದೃಷ್ಟ ಇಡೀ ಬೆಳಗನ್ನು ನುಂಗದಂತೆ ಕಟ್ಟಿದ ಒಡ್ಡು ಇದು.

ಒಂದು ಹೊಡೆತದ ಅಂತರ

ಒಡ್ಡು ಇಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನ ಅದಿತಿ ಅಶೋಕ್ ನಿದರ್ಶನ. ವೃತ್ತಿಪರರಿಗೆ ರಿಯಾಯಿತಿಯೂ ಇಲ್ಲ, ಮರೆವೂ ಇಲ್ಲ. ಪ್ರತಿ ಹೊಡೆತವೂ ಲೆಕ್ಕಕ್ಕೆ. ಟೋಕಿಯೊ ಒಲಿಂಪಿಕ್ಸ್‌ಗೆ ಹೋದಾಗ ಅವರ ವಿಶ್ವ ಕ್ರಮಾಂಕ 200. ಚೀಲ ಹೊತ್ತದ್ದು ತಾಯಿ. 2021ರ ಆಗಸ್ಟ್ 7ರಂದು ಮುಗಿದ ನಾಲ್ಕು ಸುತ್ತುಗಳಲ್ಲಿ ಅವರು ಹೊಡೆದದ್ದು 269. ಒಂದು ಹೊಡೆತ ಕಡಿಮೆಯಾಗಿದ್ದರೆ ಪದಕದ ಪ್ಲೇ-ಆಫ್‌ನಲ್ಲಿ ಇರುತ್ತಿದ್ದರು. ಕೊನೆಯ ಕುಳಿಯ ಬರ್ಡಿ ಬೀಳಲಿಲ್ಲ. ನಾಲ್ಕನೆಯ ಸ್ಥಾನ ಸಿಕ್ಕಿತು.

2023ರ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಪೆಟ್ಟು ಇನ್ನೂ ಜೋರಾಗಿತ್ತು. ಮೂರನೆಯ ಸುತ್ತಿನಲ್ಲಿ 61 ಹೊಡೆದು ಏಳು ಹೊಡೆತಗಳ ಮುನ್ನಡೆ ಪಡೆದಿದ್ದ ಅದಿತಿ, ಕೊನೆಯ ಸುತ್ತಿನಲ್ಲಿ 77 ಹೊಡೆದರು. ಕೈಗೆ ಬಂದಿದ್ದ ಚಿನ್ನ ಬೆಳ್ಳಿಯಾಯಿತು. ಸೋತ ಆಟವನ್ನು ಅಂದು ಕೈಬಿಟ್ಟಿದ್ದರೆ ಆ ಬೆಳ್ಳಿಯೂ ಉಳಿಯುತ್ತಿರಲಿಲ್ಲ; ಏಷ್ಯನ್ ಕೂಟದ ಗಾಲ್ಫ್‌ನಲ್ಲಿ ಭಾರತೀಯ ಮಹಿಳೆಯೊಬ್ಬರಿಗೆ ದಕ್ಕಿದ ಮೊದಲ ಪದಕ ಅದು. ಎರಡು ತಿಂಗಳೂ ಕಳೆಯುವ ಮುನ್ನ, ನವೆಂಬರ್‌ನಲ್ಲಿ, ಅವರು ಸ್ಪೇನ್‌ನ ಓಪನ್ ಗೆದ್ದರು.

ಹವ್ಯಾಸಿ ಇದರಿಂದ ಕಲಿಯಬೇಕಾದದ್ದು 'ಮುಂದಿನದು ಬಿದ್ದೇ ಬೀಳುತ್ತದೆ' ಎಂಬ ಹುಮ್ಮಸ್ಸನ್ನಲ್ಲ. ಅಂಥ ಹುಮ್ಮಸ್ಸು ಮೂರನೆಯ ಕುಳಿಯ ಹೊತ್ತಿಗೆ ಬತ್ತಿಹೋಗುತ್ತದೆ. ಚೆಂಡು ಈಗ ಎಲ್ಲಿದೆ, ಅಲ್ಲಿಂದ ಯಾವ ಹೊಡೆತ ಸಾಧ್ಯ ಎಂದಷ್ಟೇ ಕೇಳಿಕೊಳ್ಳುವ ಅಭ್ಯಾಸ ಹೆಚ್ಚು ದಿನ ಬಾಳುತ್ತದೆ. ಮರಳುಗುಂಡಿಯಿಂದ ಕುಳಿಗೇ ಗುರಿಯಿಡುವ ಬದಲು, ಮೊದಲು ಹುಲ್ಲಿನ ಮೇಲೆ ಬಂದರೆ ಸಾಕು ಎನ್ನುವುದೂ ಆಶಾವಾದವೇ.

ತಂಬ್ರಹಳ್ಳಿಯ ಕಡೆಯ ಒಣಬೇಸಾಯಗಾರರಿಗೆ ಈ ಪಾಠವನ್ನು ಗಾಲ್ಫ್ ಕಲಿಸಬೇಕಾಗಿಲ್ಲ. ಅವರ ಬದುಕಿಗೂ ಔಟು ಎಂಬುದಿಲ್ಲ. ಮುಂಗಾರು ಕೈಕೊಟ್ಟ ವರ್ಷವೂ ಅದೇ ಹೊಲಕ್ಕೆ ಮರಳಬೇಕು. ಹಿಂಗಾರಿಗೆ ಬಿತ್ತುವವರು ಫಸಲು ಬಂದೇ ಬರುತ್ತದೆಂಬ ಖಾತ್ರಿಯಿಂದ ಬಿತ್ತುವುದಿಲ್ಲ. ನೆಲದ ಹದ ನೋಡಿ ಬಿತ್ತುತ್ತಾರೆ.